ಗಾಳಿಗೆ ಜಗ್ಗದ ತಿರುಪು ಗೂಟ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಸಮುದ್ರ ತೀರದಲ್ಲಿ ನಾಲ್ಕು ದಿನ ಕ್ಯಾರವಾನ್ ವಾಸ. ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ ಅದು. ಅದರ ಬದಿಗೆ ಬಟ್ಟೆಯ ಚಪ್ಪರ ಕಟ್ಟುತ್ತಾರೆ, ಆನಿಂಗ್ ಅಂತ. ಮೊದಲ ರಾತ್ರಿಯೇ ಗಾಳಿ ಎದ್ದಿತು ನೋಡಿ! ಮಳೆಗೆ ನೆನೆದ ಮಣ್ಣಿನಿಂದ ಗೂಟಗಳು ಒಂದೊಂದಾಗಿ ಕಿತ್ತು ಬಂದು ಚಪ್ಪರ ಮಗುಚಿತು. ಸದ್ಯ, ಮೊಮ್ಮಗ ಕ್ಯಾರವಾನ್ ಒಳಗೆ ಮಲಗಿದ್ದ.

ಮರುದಿನ ಪಕ್ಕದ ಕ್ಯಾರವಾನ್‌ನ ಅಜ್ಜಿ ತಿರುಪು ಗೂಟ ತೋರಿಸಿದರು. ಮೈತುಂಬ ಸ್ಕ್ರೂವಿನಂತೆ ಸುರುಳಿ. ಆ ಸುರುಳಿಯ ಮೇಲೆ ಮಣ್ಣು ಕೂತಿರುವುದರಿಂದ ನೇರವಾಗಿ ಎಳೆದರೆ ಸುಲಭಕ್ಕೆ ಬರಲ್ಲ. ಸುತ್ತಿಗೆಯೂ ಬೇಡ. ಬ್ಯಾಟರಿ ಡ್ರಿಲ್ಲಿಗೆ ಗೂಟದ ತಲೆಗೆ ಹೊಂದುವ ಬಿಟ್ ಸಿಕ್ಕಿಸಿ, ನಿಧಾನ ವೇಗದಲ್ಲಿ ತಿರುಗಿಸಿದರಾಯ್ತು. ಬೆನ್ನು ನೋವಿರುವ ನನ್ನಂಥವರಿಗೂ ಆಗುವ ಕೆಲಸ. ಕಡೆಯ ಸುತ್ತು ಮಾತ್ರ ಕೈಯಲ್ಲೇ ಬಿಗಿ ಮಾಡಿ, ಅತಿ ತಿರುಗಿಸಿದರೆ ಮಣ್ಣು ಸಡಿಲವಾಗಿ ಹಿಡಿತವೇ ಹೋಗುತ್ತೆ. ಹಗ್ಗವನ್ನು ನೆಲಮಟ್ಟದಲ್ಲೇ ಸಿಕ್ಕಿಸಬೇಕು.

ಕಲ್ಲು ನೆಲಕ್ಕೆ ಇದು ಆಗದು, ಪ್ಲಾಸ್ಟಿಕ್ಕಿನದಾದರೆ ಮುರಿದೇ ಹೋದೀತು. ಅಲ್ಲಿ ಗಟ್ಟಿ ಉಕ್ಕಿನ ಮೊಳೆಗೂಟವೇ ಸರಿ. ಸಡಿಲ ಮರಳಿಗೆ ಉದ್ದನೆಯದು ಬೇಕು. ಕ್ಯಾಂಪಿನ ನೆಲದಡಿ ಕರೆಂಟಿನ ವೈರು, ನೀರಿನ ಪೈಪು ಇರುತ್ತವೆ, ಅಲ್ಲಿನವರನ್ನು ಕೇಳದೆ ತಿರುಪಬೇಡಿ. ಬಿರುಗಾಳಿಯ ಸೂಚನೆಯಿದ್ದರೆ ಯಾವ ಗೂಟವನ್ನೂ ನಂಬದೆ ಚಪ್ಪರ ಇಳಿಸಿಬಿಡಿ.

ಹೊರಡುವಾಗ ಹಿಂದಕ್ಕೆ ತಿರುಗಿಸಿ ತೆಗೆದು, ಎಣಿಸಿಕೊಳ್ಳಿ. ಹುಲ್ಲಲ್ಲಿ ಒಂದು ಉಳಿದರೂ ಬರಿಗಾಲ ಮಕ್ಕಳಿಗೆ ಚುಚ್ಚೀತು.