ಕಿಟ್ಟೆಲ್‌ಗೆ ದಕ್ಕಿದ ಧೈರ್ಯ

ಸೋಲೂರಿನ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಕೊನೆಗೆ ಮಂಗಳೂರು. ಫರ್ಡಿನಾಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ಅಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಸುಮಾರು 70,000 ಪದಗಳು! ಅದರ ಹಿಂದಿನ ನೋವು ಮಾತ್ರ ಹೆಚ್ಚು ಜನಕ್ಕೆ ತಿಳಿಯದು.

ಧರ್ಮಪ್ರಚಾರಕ್ಕೆಂದು 1853ರಲ್ಲಿ ಜರ್ಮನಿಯಿಂದ ಬಂದ ಕಿಟ್ಟೆಲ್, 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹೇಳುವ ‘ಕಥಾಮಾಲೆ’ ತಂದರು. ಎರಡೇ ವರ್ಷಕ್ಕೆ ಪತ್ನಿ ಪೌಲಿನಾ ತೀರಿಕೊಂಡರು. ಪರರಿಗೆ ಸಾಂತ್ವನ ಹೇಳುವುದು ಸುಲಭ. ತನ್ನ ಮನೆಯ ದೀಪವೇ ಆರಿದಾಗ?

ಕಿಟ್ಟೆಲ್ ಕೈಕಟ್ಟಿ ಕೂರಲಿಲ್ಲ. ಹಳೆಯ ಕಾವ್ಯಗಳ ಜೊತೆಗೆ ಜನರ ಆಡುಮಾತು, ಗಾದೆಗಳನ್ನೂ ಒಂದೊಂದಾಗಿ ಹೆಕ್ಕುತ್ತ ಹೋದರು. ಕ್ರೈಸ್ತ ನಂಬಿಕೆಯಲ್ಲಿ ದಿನದ ದುಡಿಮೆಯೂ ದೇವರ ಸೇವೆಯೇ. ಅವರಿಗೆ ಧೈರ್ಯ ದಕ್ಕಿದ್ದು ಅಲ್ಲಿಯೇ ಇರಬೇಕು. ನಿಘಂಟು ಹೊರಬಂದಾಗ ಪೌಲಿನಾ ಹೋಗಿ ಮೂವತ್ತು ವರ್ಷಗಳಾಗಿದ್ದವು.