ಬಸದಿ ತೋಟದ ಶ್ರಮದಾನ: ಮಣ್ಣಿನಲ್ಲಿ ಜಿನಬಿಂಬ ಸಿಕ್ಕರೆ ಏನು ಮಾಡಬೇಕು?

ಪ್ರಾಚೀನ ಬಸದಿಗಳ ತೋಟದಲ್ಲಿ ಶ್ರಮದಾನ ನಡೆಯುವಾಗ ಜಿನಬಿಂಬ, ಶಾಸನ ಅಥವಾ ನಿಷಿಧಿ ಕಲ್ಲು ಕಾಣಿಸಿಕೊಳ್ಳಬಹುದು. ಆಗ ಅಗೆತವನ್ನು ಕೂಡಲೇ ನಿಲ್ಲಿಸಿ. ಭಕ್ತಿಯಿಂದಲಾದರೂ ಬಿಂಬವನ್ನು ಮೇಲೆತ್ತಬೇಡಿ, ತೊಳೆಯಬೇಡಿ.

ಬಿಂಬವು ಯಾವ ಮಣ್ಣಿನ ಪದರದಲ್ಲಿ, ಎಂಥ ಇಟ್ಟಿಗೆ, ಮಡಕೆ ಚೂರುಗಳ ಜೊತೆಗಿತ್ತು ಎಂಬುದು ಆ ಸ್ಥಳದ ಇತಿಹಾಸ ತಿಳಿಯಲು ಮುಖ್ಯ ಆಧಾರ. ಒಮ್ಮೆ ಕದಲಿಸಿದರೆ ಆ ಸಾಕ್ಷ್ಯ ಮರಳಿ ಸಿಗದು.

ಇದ್ದ ಸ್ಥಿತಿಯಲ್ಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಲಿಖಿತವಾಗಿ ತಿಳಿಸಿ. ಕೇಂದ್ರ ಸಂರಕ್ಷಿತ ಪ್ರದೇಶಗಳಲ್ಲಿ 1958ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಉತ್ಖನನ ಮಾಡುವಂತಿಲ್ಲ.

ಇಲಾಖೆಯೇ ಉತ್ಖನನ ಕೈಗೊಂಡು ನೆರವು ಕೇಳಿದರೆ ಮಣ್ಣು ಜರಡಿ ಹಿಡಿಯುವುದು, ಚೂರುಗಳಿಗೆ ಗುರುತುಚೀಟಿ ಬರೆಯುವುದು ಮುಂತಾದ ಕೆಲಸಗಳಲ್ಲಿ ತಜ್ಞರ ಮಾರ್ಗದರ್ಶನದಂತೆ ಶ್ರಾವಕರೂ ಕೈಜೋಡಿಸಬಹುದು.