ಕೆಂಗುರಿಯ ಲೆಕ್ಕ: ಹೆಸರಷ್ಟೇ ಸಾಲದು, ವಂಶವೂ ದಾಖಲಾಗಬೇಕು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಭಾಗದ ಗುಡ್ಡಗಾಡು ಪ್ರದೇಶ ಕೆಂಗುರಿಯ ತವರು. ಬಳ್ಳಾರಿ, ಡೆಕ್ಕನಿ, ಹಾಸನ ಮತ್ತು ಮಂಡ್ಯ ತಳಿಗಳಂತೆ ಮಾಂಸಕ್ಕೆ ಹೆಸರಾದ ಈ ಕುರಿಗೂ ರಾಷ್ಟ್ರಮಟ್ಟದ ಮಾನ್ಯತೆ ದೊರೆತಿದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತಳಿ ಉಳಿಯುವುದಿಲ್ಲ. ಹಿಂಡಿನಲ್ಲಿರುವ ಟಗರಿನ ತಂದೆ ತಾಯಿ ಯಾವುವು ಎಂಬ ದಾಖಲೆಯೇ ಇಲ್ಲದಿದ್ದರೆ, ಹೆಸರು ಉಳಿದು ತಳಿ ಕರಗಿಹೋಗುವ ಅಪಾಯವಿದೆ.

ಬದಲಾದ ಗಡಿ, ಹಳೆಯ ದಾಖಲೆ

ತಳಿ ವಿವರಣೆಯ ಗ್ರಂಥಗಳಲ್ಲಿ ಕೆಂಗುರಿಯ ನೆಲೆಯನ್ನು 'ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು ಮತ್ತು ಗಂಗಾವತಿ ತಾಲ್ಲೂಕುಗಳು' ಎಂದು ಗುರುತಿಸುವುದು ರೂಢಿ. ಆದರೆ 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾದಾಗ ಗಂಗಾವತಿ ಅದರ ಪಾಲಾಯಿತು. ಅಶೋಕನ ಹೆಸರುಳ್ಳ ಶಾಸನದಿಂದ ಖ್ಯಾತವಾದ, ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಮಸ್ಕಿಯನ್ನು 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕೆಂದು ಘೋಷಿಸಲಾಯಿತು. ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರ್ಪಟ್ಟವು. ಕುರಿ ಮೇಯುವ ಗುಡ್ಡ ಕದಲದಿದ್ದರೂ ಕಾಗದದ ಮೇಲಿನ ವಿಳಾಸ ಬದಲಾಗಿದೆ. ಹಳೆಯ ತಾಲ್ಲೂಕಿನ ಅಂಕಿಯನ್ನು ಹೊಸ ತಾಲ್ಲೂಕಿನ ಅಂಕಿಯೊಡನೆ ನೇರವಾಗಿ ಹೋಲಿಸಿದರೆ, ಕುರಿಗಳೇ ಕಡಿಮೆಯಾದವೆಂಬ ತಪ್ಪು ತೀರ್ಮಾನಕ್ಕೆ ಬರಬಹುದು.

ಬಣ್ಣ ನೋಡಿ ಎಣಿಸಬಹುದೇ?

ಕೆಂಗುರಿಯ ಮೈಬಣ್ಣ ಸಾಮಾನ್ಯವಾಗಿ ಕಡುಕಂದು ಅಥವಾ ತೆಂಗಿನಕಾಯಿಯ ಬಣ್ಣ. ಟಗರಿಗೆ ಕೊಂಬುಂಟು, ಹೆಣ್ಣು ಕುರಿಗೆ ಸಾಮಾನ್ಯವಾಗಿ ಇಲ್ಲ. ಆದರೆ ಬಿಳಿ, ಕಪ್ಪು ಮತ್ತು ಮಚ್ಚೆಯ ಮೈಬಣ್ಣವೂ ಇದೇ ತಳಿಯಲ್ಲಿ ಅಪರೂಪವಲ್ಲ. ಕೆಂಪಾಗಿರುವುದೆಲ್ಲ ಕೆಂಗುರಿಯಲ್ಲ, ಕೆಂಗುರಿಯೆಲ್ಲ ಕೆಂಪೂ ಅಲ್ಲ. ಗಣತಿದಾರರು ಬಣ್ಣವನ್ನಷ್ಟೇ ನೆಚ್ಚಿದರೆ ಮಿಶ್ರತಳಿ ಒಳಗೆ ಬಂದು ಶುದ್ಧ ತಳಿ ಹೊರಗುಳಿಯುತ್ತದೆ.

ಮೇಕೆಗಳ ವಿಷಯದಲ್ಲೂ ಇದೇ ತೊಡಕು. ಮಹಾರಾಷ್ಟ್ರ ಮೂಲದ ಉಸ್ಮಾನಾಬಾದಿ ಮತ್ತು ಬೀದರ್ ಭಾಗದ ಬೀದರಿ ಎರಡೂ ಬಹುಮಟ್ಟಿಗೆ ಕಪ್ಪು. ಬೀದರಿ ಪ್ರತ್ಯೇಕ ತಳಿಯೆಂದು ನೋಂದಣಿಯಾಗುವವರೆಗೆ ಗಣತಿಯಲ್ಲಿ ಅದಕ್ಕೆ ತನ್ನದೇ ಸ್ಥಾನವಿರಲಿಲ್ಲ. ಇಂತಹ ನೋಂದಣಿಯ ಹೊಣೆ ಹೊತ್ತಿರುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೊ. ಮಾನ್ಯತೆ ಪಡೆದ ಪ್ರತಿ ತಳಿಗೂ ಅದು ನೋಂದಣಿ ಸಂಖ್ಯೆ ನೀಡುತ್ತದೆ.

ಎಣಿಕೆ ಬೇರೆ, ವಂಶಾವಳಿ ಬೇರೆ

ಗಣತಿ ತಿಳಿಸುವುದು ಎಷ್ಟು ಕುರಿಗಳಿವೆ ಎಂಬುದನ್ನು ಮಾತ್ರ. ಅವು ಯಾವುದರ ಸಂತಾನ ಎಂಬುದಕ್ಕೆ ಹಿಂಡಿನ ಮಟ್ಟದ ದಾಖಲೆಯೇ ಬೇಕು. ಸಾಮಾನ್ಯವಾಗಿ 25ರಿಂದ 30 ಹೆಣ್ಣು ಕುರಿಗಳಿಗೆ ಒಂದು ಟಗರು ಸಾಕು. ಅದೇ ಟಗರು ಎರಡು ವರ್ಷ ಮೀರಿ ಹಿಂಡಿನಲ್ಲೇ ಉಳಿದರೆ ಬೆದೆಗೆ ಬಂದ ತನ್ನ ಮರಿಗಳನ್ನೇ ಕೂಡುತ್ತದೆ. ಹೀಗೆ ಹುಟ್ಟಿದ ಮರಿಯ ಒಳಸಂತಾನದ ಪ್ರಮಾಣ ಶೇ 25. ಮರಿಗಳ ಸಾವು, ಕುಂಠಿತ ಬೆಳವಣಿಗೆ, ಗಬ್ಬ ನಿಲ್ಲದಿರುವಿಕೆ ಇದರ ಫಲ.

ಇನ್ನೊಂದು ನಷ್ಟ ಸಂತೆಯಲ್ಲಿ ಆಗುತ್ತದೆ. ಬೇಗ ತೂಕ ಬರುವ ಗಂಡುಮರಿಗೆ ಒಳ್ಳೆಯ ಬೆಲೆ. ಆದ್ದರಿಂದ ಅದು ಮೊದಲು ಮಾರಾಟವಾಗುತ್ತದೆ. ಬಿತ್ತನೆಗೆ ಉಳಿಯುವುದು ಹಿಂದುಳಿದ ಮರಿ. ಹುಟ್ಟಿದ ದಿನ, ಮೂರು ಹಾಗೂ ಆರು ತಿಂಗಳ ತೂಕವನ್ನು ಬರೆದಿಟ್ಟ ಹಿಂಡಿನಲ್ಲಿ ಮಾತ್ರ ಯಾವ ಮರಿಯನ್ನು ಉಳಿಸಿಕೊಳ್ಳಬೇಕೆಂಬುದು ಸ್ಪಷ್ಟವಾಗುತ್ತದೆ.

ಹಿಂಡುಗಳು ರಾಜ್ಯದ ಗಡಿ ದಾಟುವುದೂ ಉಂಟು. 2017ರಲ್ಲಿ ತೆಲಂಗಾಣ ಸರ್ಕಾರ 20 ಹೆಣ್ಣು ಕುರಿ ಹಾಗೂ ಒಂದು ಟಗರಿನ ಘಟಕಗಳನ್ನು ಸಹಾಯಧನದಲ್ಲಿ ವಿತರಿಸಲು ಆರಂಭಿಸಿದಾಗ ಕರ್ನಾಟಕದಿಂದಲೂ ಕುರಿಗಳನ್ನು ಖರೀದಿಸಲಾಯಿತು. ತಳಿಯ ದಾಖಲೆಯಿಲ್ಲದೆ ಸಾಗಿದ ಕುರಿಯ ಜೊತೆ ಯಾವ ಗುಣ ಹೊರಹೋಯಿತೆಂದು ಹೇಳುವುದು ಸಾಧ್ಯವಿಲ್ಲ.

ದಾರಿ ಯಾವುದು?

ಇಟಲಿಯ ಸಿಸಿಲಿ ದ್ವೀಪದಲ್ಲಿ, ಸುರುಳಿ ಕೊಂಬಿನ ಜಿರ್ಜೆಂಟಾನ ಮೇಕೆಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಅಲ್ಲಿ ದೇಶೀ ಕುರಿ, ಮೇಕೆ ತಳಿಗಳ ವಂಶಾವಳಿ ಪುಸ್ತಕವನ್ನು ಸಾಕಣೆದಾರರ ರಾಷ್ಟ್ರೀಯ ಸಂಘವೇ ನಿರ್ವಹಿಸುತ್ತ ಬಂದಿದೆ. ದಾಖಲೆ ಸಾಕುವವರ ಕೈಯಲ್ಲಿರಬೇಕೆಂಬ ಆ ಕ್ರಮ ಇಲ್ಲಿಗೂ ಒಪ್ಪುವಂಥದ್ದು.

ಆದರೆ ಇಲ್ಲಿನ ಕುರಿಗಾರರು ಒಂದೆಡೆ ನಿಲ್ಲುವವರಲ್ಲ. ಮೇವು ಅರಸುತ್ತ ಊರೂರು ಸುತ್ತಿ, ಕೊಯ್ಲಾದ ಹೊಲಗಳಲ್ಲಿ ಮಂದೆ ತಂಗಿಸುತ್ತಾರೆ. ಮನೆಬಾಗಿಲಿಗೆ ಬರುವ ಗಣತಿದಾರರಿಗೆ ಅವರ ಹಿಂಡು ಸಿಗುವುದು ಕಷ್ಟ. 2024ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದ 21ನೇ ಜಾನುವಾರು ಗಣತಿಯಲ್ಲಿ ಅಲೆಮಾರಿ ಪಶುಪಾಲಕರ ಮಾಹಿತಿಯನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಸಂಗ್ರಹಿಸಲು ನಿರ್ಧರಿಸಿದ್ದು ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ.

ಹನ್ನೆರಡು ಅಂಕಿಯ ಕಿವಿಯೋಲೆ ಪ್ರತಿ ಕುರಿಗೂ ಒಂದು ಗುರುತು ಕೊಡಬಲ್ಲದು. ಆ ಅಂಕಿಯ ಮುಂದೆ ತಾಯಿ, ತಂದೆ, ಹುಟ್ಟಿದ ದಿನ, ತೂಕ ಇಷ್ಟನ್ನು ಸೇರಿಸಿದರೆ ಅದೇ ವಂಶಾವಳಿಯ ಮೊದಲ ಪುಟ. ಹಿಂಡಿನ ಪ್ರತಿ ಕುರಿಯ ತಾಯಿಯನ್ನೂ ನೆನಪಿನಿಂದಲೇ ಹೇಳಬಲ್ಲ ಹಿರಿಯ ಕುರಿಗಾರರು ಈ ಭಾಗದ ಹಳ್ಳಿಗಳಲ್ಲಿ ಇದ್ದಾರೆ. ಅವರ ಮಕ್ಕಳು ಕುರಿ ಮಾರಿ ನಗರ ಸೇರುವ ಮುನ್ನ ಆ ನೆನಪು ಬರಹಕ್ಕೆ ಇಳಿಯಬೇಕಿದೆ. ಆ ಕೆಲಸವನ್ನು ಎಲ್ಲಕ್ಕಿಂತ ಮೊದಲು ಟಗರಿನಿಂದ ಆರಂಭಿಸುವುದು ಸೂಕ್ತ: 30 ಕುರಿಗಳ ಹಿಂಡಿನಲ್ಲಿ ಒಂದೇ ಟಗರಿನ ವಿವರ ಬರೆದರೂ ಮುಂದಿನ ಅಷ್ಟೂ ಮರಿಗಳ ತಂದೆ ಯಾರೆಂಬುದು ದಾಖಲಾಗುತ್ತದೆ.